ಘಾಟ್ ಹತ್ತಿದ 40 ವ್ಯಾಗನ್

ಹೋದ ಶನಿವಾರ ನಮ್ಮ ಕ್ಲಬ್ಬಿನಲ್ಲಿ 40 ವ್ಯಾಗನ್‌ಗಳ ಗೂಡ್ಸ್ ಗಾಡಿಯೊಂದು ಕೆಳಗಿನ ಯಾರ್ಡಿನಿಂದ ಹೊರಟು, ಒಂದು ಗಾಲಿಯೂ ಹಳಿ ಬಿಡದೆ ಘಾಟ್ ಹತ್ತಿತು. ಮಾಡೆಲ್ ರೈಲಿನ ಒಡನಾಟ ಇಲ್ಲದವರಿಗೆ ಇದರಲ್ಲೇನಿದೆ ಅನ್ನಿಸಬಹುದು. ಅದಕ್ಕೆ ನಮಗೆ ಎರಡು ವರ್ಷ ಹಿಡಿಯಿತು.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಈ ಹುಚ್ಚು ಹತ್ತಿದ್ದು ಸ್ಯಾನ್ ಡಿಯಾಗೊದ ಬಾಲ್ಬೋವಾ ಪಾರ್ಕಿನಲ್ಲಿ. ಅಲ್ಲಿನ ಮಾಡೆಲ್ ರೈಲ್‌ರೋಡ್ ಮ್ಯೂಸಿಯಂನಲ್ಲಿ ಲಾ ಮೆಸಾ ಕ್ಲಬ್ಬಿನವರು ಕ್ಯಾಲಿಫೋರ್ನಿಯಾದ್ದೇ ಆದ ಟೆಹಾಚಪಿ ಘಾಟನ್ನು ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ್ದರ 87ರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟಿದ್ದಾರೆ. ನಿಜವಾದ ಟೆಹಾಚಪಿ ಲೂಪ್ 1876ರದ್ದು. ನೇರ ಹತ್ತಿಸಲು ಆಗದ ಕಡೆ ಹಳಿಯನ್ನು ಗುಡ್ಡಕ್ಕೆ ಸುತ್ತಿಸಿದರು. 3,779 ಅಡಿ ಸುತ್ತಿ ಬರುವಷ್ಟರಲ್ಲಿ 77 ಅಡಿ ಮೇಲೇರಿರುತ್ತದೆ, ಗಾಡಿ ಉದ್ದವಿದ್ದರೆ ಇಂಜಿನ್ನು ತನ್ನದೇ ಬಾಲದ ಮೇಲೆ ಹಾದುಹೋಗುತ್ತದೆ. ಎಚ್‌ಒಗೆ ಇಳಿಸಿದರೂ ಆ ಲೂಪ್ ಒಂದಕ್ಕೇ 43 ಅಡಿ ಹಳಿ ಬೇಕು! ಏರು ಹೆಚ್ಚುಕಮ್ಮಿ 50ಕ್ಕೆ 1. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನದ್ದೂ ಅದೇ ಏರು. ಅದು ಗೊತ್ತಾದ ಮೇಲೆ ಆ ಮಾಡೆಲ್ ಮುಂದಿನಿಂದ ಕದಲಲು ಮನಸ್ಸೇ ಬರಲಿಲ್ಲ.

ವಾಪಸ್ ಬಂದು ನಮ್ಮೂರಿನ ಕ್ಲಬ್ ಸೇರಿದೆ. ನಮ್ಮದು ಅಷ್ಟು ದೊಡ್ಡದಲ್ಲ, ಆದರೂ ಒಂದು ಗೋಡೌನ್ ತುಂಬ ಇದೆ. ನಮ್ಮ ಘಾಟಿಗೂ 50ಕ್ಕೆ 1 ಏರನ್ನೇ ಇಟ್ಟೆವು. 100 ಅಡಿ ಓಡಿದರೆ 2 ಅಡಿ ಮೇಲೆ.

ಜನ ಬಂದರೆ ಗುಡ್ಡ, ಸೇತುವೆ, ಸ್ಟೇಷನ್ ನೋಡುತ್ತಾರೆ. ನಿಜವಾದ ಕೆಲಸ ಇರೋದು ಹಲಗೆಯ ಕೆಳಗೆ. ಇಂಜಿನ್ನಿಗೆ ಕರೆಂಟ್ ಬರೋದು ಹಳಿಯಿಂದಲೇ, ಹಾಗಾಗಿ ಹಳಿಯ ಪ್ರತಿ ತುಂಡಿಗೂ ಬೇರೆ ಬೇರೆ ವೈರ್ ಬೆಸುಗೆ ಹಾಕಬೇಕು, ಯಾಕಂದ್ರೆ ಹಳಿಗಳ ನಡುವಿನ ಜಾಯಿನರ್ ಕಾಲ ಕಳೆದಂತೆ ಸಡಿಲಾಗುತ್ತದೆ, ಅದನ್ನೇ ನಂಬಿದರೆ ಘಾಟಿನ ಮಧ್ಯದಲ್ಲಿ ಇಂಜಿನ್ನು ನಿಂತುಬಿಡುತ್ತದೆ. ಬೆಸುಗೆ ಹಾಕೋದನ್ನು ನನಗೆ ಕಲಿಸಿದ್ದು ಕ್ಲಬ್ಬಿನ ಅತಿ ಹಿರಿಯರು, ನಿವೃತ್ತ ಎಲೆಕ್ಟ್ರಿಷಿಯನ್. ಮೊದಲು ಹಳಿ ಕಾಯಬೇಕು, ಆಮೇಲೆ ಸೀಸವನ್ನು ಕಾದ ಹಳಿಗೇ ಮುಟ್ಟಿಸಬೇಕು, ಬೆಸುಗೆಯ ಐರನ್‌ಗಲ್ಲ. ಒಂದೆರಡು ಸೆಕೆಂಡ್ ಜಾಸ್ತಿ ಹಿಡಿದರೂ ಪ್ಲಾಸ್ಟಿಕ್ ಸ್ಲೀಪರ್ ಕರಗಿ ಹಳಿಯ ಅಂತರ ಕೆಡುತ್ತದೆ. ಆ ಅಂತರ 16.5 ಮಿಲಿಮೀಟರ್, ಕೂದಲೆಳೆಯಷ್ಟು ತಪ್ಪಿದರೂ ಗಾಲಿಗೆ ಗೊತ್ತಾಗುತ್ತದೆ. ಎಲ್ಲ ಮುಗಿದ ಮೇಲೆ ಅವರು ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಜಾಯಿಂಟ್ ಮೇಲೆ ಎಳೆಯುತ್ತಾರೆ. ಉಗುರು ತಡೆದರೆ ಮತ್ತೆ ಅರ ಹಿಡಿದು ಉಜ್ಜು ಅಂತ ಅರ್ಥ.

ಇಷ್ಟೆಲ್ಲ ಮಾಡಿದರೂ ಉದ್ದದ ಗಾಡಿ ಹತ್ತುತ್ತಿರಲಿಲ್ಲ. 25 ವ್ಯಾಗನ್ ದಾಟಿದರೆ ಸಾಕು, ದೊಡ್ಡ ತಿರುವಿನಲ್ಲಿ ಮಧ್ಯದ ವ್ಯಾಗನ್‌ಗಳು ಒಳಗಡೆಗೆ ಉರುಳಿ ಬೀಳುತ್ತಿದ್ದವು. ಹಳಿಯದ್ದೇ ತಪ್ಪು ಅಂದುಕೊಂಡು ಆ ತಿರುವನ್ನು ಎರಡು ಸಲ ಕಿತ್ತು ಹಾಕಿದೆವು. ಆಮೇಲೆ ಗೊತ್ತಾಯಿತು, ಮುಂದೆ ಇಂಜಿನ್ನು ಎಳೆಯುತ್ತೆ, ಹಿಂದೆ ಗಾಡಿಯ ಭಾರ ಜಗ್ಗುತ್ತೆ, ನಡುವಿನ ಹಗುರ ವ್ಯಾಗನ್‌ಗಳು ಬಿಗಿದ ಹಗ್ಗದ ಹಾಗೆ ನೇರವಾಗಲು ನೋಡುತ್ತವೆ. ಅಮೆರಿಕದ ಮಾಡೆಲ್ ರೈಲಿನವರ ಸಂಘ ಎನ್‌ಎಂಆರ್‌ಎ ಇದಕ್ಕೊಂದು ಲೆಕ್ಕ ಕೊಟ್ಟಿದೆ: ಎಚ್‌ಒ ವ್ಯಾಗನ್‌ಗೆ 1 ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೂ ಅರ್ಧ ಔನ್ಸ್. 6 ಇಂಚಿನ ವ್ಯಾಗನ್ ಅಂದರೆ 4 ಔನ್ಸ್, ಸುಮಾರು 113 ಗ್ರಾಂ. ಅಡುಗೆಮನೆಯ ತಕ್ಕಡಿ ತಂದಿಟ್ಟುಕೊಂಡು ಒಂದೊಂದನ್ನೇ ತೂಗಿದೆವು. ಕಮ್ಮಿ ಇದ್ದದ್ದಕ್ಕೆ ಒಳಗೆ ನಟ್ಟು ಅಂಟಿಸಿದೆವು. ಬೇಜಾರಿನ ಕೆಲಸ, ಆದರೆ ನನ್ನ ಪ್ರಕಾರ ಕ್ಲಬ್ ಮಾಡಿದ ಒಳ್ಳೇ ಕೆಲಸಗಳಲ್ಲಿ ಅದೂ ಒಂದು.

ಸುಮ್ನೆ ಸುತ್ತು ಹೊಡೆಸೋದು ನಮಗೆ ಸಾಕಾಗಲ್ಲ. ತಿಂಗಳಿಗೊಂದು ದಿನ ನಿಜವಾದ ರೈಲ್ವೆ ಥರ ಓಡಿಸುತ್ತೇವೆ. ಗಡಿಯಾರ ನಾಲ್ಕು ಪಟ್ಟು ಜೋರಾಗಿ ಓಡುತ್ತದೆ, ಒಂದು ಇಡೀ ದಿನ 6 ಗಂಟೆಯಲ್ಲಿ ಮುಗಿಯುತ್ತದೆ. ಪ್ರತಿ ವ್ಯಾಗನ್‌ಗೂ ಒಂದು ಚೀಟಿ, ಅದರಲ್ಲಿ ಎಲ್ಲಿಂದ ಎಲ್ಲಿಗೆ, ಏನು ಸರಕು ಅಂತ ಇರುತ್ತದೆ. ಯಾವ ಗಾಡಿ ಯಾವಾಗ ಹೊರಡಬೇಕು ಅಂತ ಹೇಳುವ ಡಿಸ್ಪ್ಯಾಚರ್ ಬೇರೆ ಕೋಣೆಯಲ್ಲಿ, ಅವರಿಗೆ ಒಂದು ಗಾಡಿಯೂ ಕಾಣಿಸಲ್ಲ. ಫೋನಿನಲ್ಲಿ ಆರ್ಡರ್ ಹೇಳುತ್ತಾರೆ, ಸ್ಟೇಷನ್‌ನವರು ಬರೆದುಕೊಂಡು ವಾಪಸ್ ಓದಿ ಹೇಳಬೇಕು, ಆಮೇಲೇ ಡ್ರೈವರ್ ಕೈಗೆ. ನಮ್ಮ ಕಡೆ ಸಿಂಗಲ್ ಲೈನಿನ ಸಣ್ಣ ಸ್ಟೇಷನ್‌ಗಳಲ್ಲಿ, ನಿಲ್ಲದ ಗಾಡಿಯ ಡ್ರೈವರ್ ಕೈಚಾಚಿ ಬೆತ್ತದ ಬಳೆಯಲ್ಲಿದ್ದ, ಮುಂದೆ ಹೋಗಲು ಅನುಮತಿಯಾದ ಟೋಕನ್ ಎತ್ತಿಕೊಳ್ಳುತ್ತಿದ್ದನಲ್ಲ, ಆ ಆರ್ಡರಿನ ಚೀಟಿ ಕೈಗೆ ಬಂದಾಗಲೆಲ್ಲ ನನಗೆ ಅದೇ ನೆನಪು.

ಶನಿವಾರ ಮುಂದಿನ ಇಂಜಿನ್ನು ನನ್ನ ಕೈಯಲ್ಲಿತ್ತು. ಹಿಂದಿನಿಂದ ತಳ್ಳುವ ಇಂಜಿನ್ನು, ಹೈಸ್ಕೂಲಿನ ಒಬ್ಬ ಹುಡುಗಿಯದು. 20 ಅಡಿ ಗಾಡಿ, ನಡುವೆ ಗುಡ್ಡ, ಒಬ್ಬರಿಗೊಬ್ಬರು ಕಾಣಲ್ಲ. ಅವಳು ಜಾಸ್ತಿ ತಳ್ಳಿದರೆ ವ್ಯಾಗನ್ ಹೊರಗೆ ಬೀಳುತ್ತೆ, ನಾನು ಜಾಸ್ತಿ ಎಳೆದರೆ ಒಳಗೆ. ಆ ಹಾಳು ತಿರುವಿಗೆ ಬಂದಾಗ "ಸ್ವಲ್ಪ ಕಮ್ಮಿ ಮಾಡ್ತೀನಿ" ಅಂತ ಅವಳೇ ಹೇಳಿದಳು. ನಾನು ಕೈ ಅಲುಗಿಸಲಿಲ್ಲ. ಮಧ್ಯದ ವ್ಯಾಗನ್‌ಗಳು ತಿರುವಿನಲ್ಲಿ ಒಂಚೂರು ವಾಲಿದವು, ಬೀಳಲಿಲ್ಲ.

ಮೇಲಿನ ಸ್ಟೇಷನ್ ಸೇರಿದಾಗ 9 ನಿಮಿಷ ತಡ. ಬುಕ್ಕಿನಲ್ಲಿ ಟೈಮ್ ಬರೆದೆ. ಕ್ರಾಸಿಂಗ್‌ಗೆ ಅಂತ ಅಷ್ಟು ಹೊತ್ತೂ ನಮಗಾಗಿ ಕಾದಿದ್ದ ಪ್ಯಾಸೆಂಜರ್ ಸೀಟಿ ಹಾಕಿ ಇಳಿಜಾರಿನ ಕಡೆ ಹೊರಟಿತು.