ಕೊಕ್ಕೆ ಅಲುಗಬಾರದು: ಫ್ಲೈ ಕಟ್ಟುವ ವೈಸ್ ಹೊಂದಿಸುವ ಬಗೆ

ದಾರ ಜಾರಿತು, ಗರಿ ಓರೆಯಾಯಿತು, ತಲೆ ಉಂಡೆಯಂತಾಯಿತು. ಫ್ಲೈ ಕಟ್ಟಲು ಹೊಸದಾಗಿ ಕೂತವರ ದೂರುಗಳು ಹೆಚ್ಚುಕಡಿಮೆ ಇವೇ. ಎಲ್ಲರೂ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಆದರೆ ಕೈ ನೋಡುವ ಮೊದಲು ವೈಸ್ ನೋಡಬೇಕು. ಕೊಕ್ಕೆ ಕೂದಲೆಳೆಯಷ್ಟು ಅಲುಗಿದರೂ ದಾರದ ಬಿಗಿ ಸಡಿಲುತ್ತದೆ, ಬಿಗಿ ಸಡಿಲಿದರೆ ಅದರಡಿ ಕಟ್ಟಿದ ಗರಿ ತಿರುಗುತ್ತದೆ, ಅದನ್ನು ಸರಿಪಡಿಸಲು ಇನ್ನಷ್ಟು ಸುತ್ತು ಹಾಕುತ್ತೀರಿ, ತಲೆ ದಪ್ಪವಾಗುತ್ತದೆ. ಮೂರೂ ದೂರಿಗೆ ಬೇರು ಒಂದೇ.

ಗೊತ್ತಿಲ್ಲದವರಿಗೆ ಒಂದು ಮಾತು: ಫ್ಲೈ ಎಂದರೆ ಗರಿ, ತುಪ್ಪಳ, ದಾರಗಳನ್ನು ಗಾಳದ ಕೊಕ್ಕೆಯ ಮೇಲೆ ಕಟ್ಟಿ ಮಾಡುವ ಹುಳುವಿನ ಅಥವಾ ಮರಿಮೀನಿನ ರೂಪ. ಕಟ್ಟುವಾಗ ಕೊಕ್ಕೆಯನ್ನು ಹಿಡಿದಿಡುವ ಪುಟ್ಟ ಉಪಕರಣವೇ ವೈಸ್. ಬಡಗಿಯ ಅಥವಾ ಫಿಟ್ಟರ್‌ನ ಬೆಂಚ್ ವೈಸಿಗೂ ಇದಕ್ಕೂ ಕೆಲಸ ಒಂದೇ, ಅಳತೆ ಮಾತ್ರ ಬೇರೆ. ಇಲ್ಲಿ ದವಡೆಯ ತುದಿ ಹಿಡಿಯಬೇಕಾದದ್ದು ಸುಮಾರು ಅರ್ಧ ಮಿಲಿಮೀಟರ್ ದಪ್ಪದ ತಂತಿಯನ್ನು.

ದವಡೆ ಬಿಗಿಯುವ ಬಗೆ ಮುಖ್ಯವಾಗಿ ಮೂರು. ಮೊದಲನೆಯದು ಹಳೆಯ ಥಾಂಪ್ಸನ್ ಮಾದರಿ: ಲಿವರ್ ಒತ್ತಿದರೆ ಕ್ಯಾಮ್ (ನಡು ತಪ್ಪಿ ತಿರುಗುವ ಬಿಲ್ಲೆ) ದವಡೆಯನ್ನು ಹಿಂದಕ್ಕೆ, ಕೊಳವೆಯೊಳಗೆ ಎಳೆಯುತ್ತದೆ, ದವಡೆಯ ಹೊರಮೈ ಇಳಿಜಾರಾಗಿರುವುದರಿಂದ ಕೊಳವೆಯ ಬಾಯಿ ಅದನ್ನು ಅಮುಕುತ್ತದೆ. ಎರಡನೆಯದು ರೀಗಲ್ ತರಹದ ಸ್ಪ್ರಿಂಗ್ ದವಡೆ. ಅದು ಸದಾ ಮುಚ್ಚಿಯೇ ಇರುತ್ತದೆ, ಹಿಡಿಕೆ ಅಮುಕಿದರೆ ತೆರೆಯುತ್ತದೆ, ಹೊಂದಿಸುವ ಗೋಜು ಇಲ್ಲ. ಮೂರನೆಯದು ಪೀಕ್ ವೈಸಿನಲ್ಲಿರುವಂಥದ್ದು: ಎರಡು ದವಡೆ, ಮುಂದೊಂದು ಸ್ಕ್ರೂ, ಹಿಂದೊಂದು. ರೆನ್ಜೆಟಿಯಂಥ ಕೆಲವದರಲ್ಲಿ ಹಿಂದಿನ ಸ್ಕ್ರೂ ಬದಲು ಕ್ಯಾಮ್ ಇರುತ್ತದೆ. ಹೊರದೇಶಗಳಲ್ಲಿ ಹೊಸಬರಿಗೆಂದು ಮಾರುವ ಅಗ್ಗದ ಕಿಟ್‌ಗಳಲ್ಲಿ ಭಾರತದಲ್ಲೇ ತಯಾರಾದ ವೈಸ್‌ಗಳು ಬಹಳ ಸಿಗುತ್ತವೆ, ಅವು ಹೆಚ್ಚಾಗಿ ಮೊದಲನೆಯ ಬಗೆಯವು. ಅವುಗಳ ದೋಷ ವಿನ್ಯಾಸದಲ್ಲಿಲ್ಲ, ಉಕ್ಕಿನಲ್ಲಿದೆ. ದವಡೆಯ ಉಕ್ಕು ಮೆತ್ತಗಿದ್ದರೆ ಗಟ್ಟಿ ಕೊಕ್ಕೆ ಅದರಲ್ಲಿ ಗೀರು ಕೊರೆಯುತ್ತದೆ, ಆಮೇಲೆ ಬರುವ ಸಣ್ಣ ಕೊಕ್ಕೆ ಅದೇ ಗೀರಿನೊಳಗೆ ಬಿದ್ದು ಸಡಿಲಾಗುತ್ತದೆ. ಕೊಳ್ಳುವಾಗ ದವಡೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚಿದಾಗ ತುದಿಯಲ್ಲಿ ಬೆಳಕು ತೂರಿದರೆ ಅದನ್ನು ವಾಪಸ್ ಇಡಿ.

ಮೇಜಿಗೆ ಕೂರಿಸುವುದು ಸಿ ಕ್ಲಾಂಪಿನಿಂದ, ಇಲ್ಲವೇ ಭಾರದ ಪೀಠದಿಂದ. ಒಂದೇ ಜಾಗದಲ್ಲಿ ಕೂತು ಕಟ್ಟುವವರಿಗೆ ಕ್ಲಾಂಪೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ದಪ್ಪ ಕೊಕ್ಕೆಗೆ ದಾರ ಜಗ್ಗಿ ಎಳೆದಾಗ ಎರಡು ಕೆಜಿ ಪೀಠವೂ ಜರುಗುತ್ತದೆ, ಕ್ಲಾಂಪ್ ಜರುಗುವುದಿಲ್ಲ. ಕ್ಲಾಂಪ್ ಕೊಳ್ಳುವ ಮೊದಲು ಮೇಜಿನ ಅಂಚಿನ ದಪ್ಪ ಅಳೆಯಿರಿ. ಹಳೆಯ ತೇಗದ ಮೇಜುಗಳಲ್ಲಿ ಹಲಗೆಯ ಕೆಳಗೆ ಪಟ್ಟಿ ಇರುತ್ತದೆ, ಕ್ಲಾಂಪಿನ ಬಾಯಿ ಅದನ್ನು ದಾಟುವುದಿಲ್ಲ. ಪಾರ್ಟಿಕಲ್ ಬೋರ್ಡ್ ಮೇಜಾದರೆ ಮೇಲೂ ಕೆಳಗೂ ತೆಳು ಪ್ಲೈವುಡ್ ತುಂಡು ಕೊಟ್ಟು ಬಿಗಿಯಿರಿ, ಇಲ್ಲದಿದ್ದರೆ ಅಂಚು ಪುಡಿಯಾಗುತ್ತದೆ. ಬಿಗಿದ ಮೇಲೆ ಕಂಬವನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಮೇಜು ಅಲುಗಬೇಕು, ಕಂಬ ಅಲುಗಕೂಡದು. ಬೇರೆ ಕಂಪನಿಯ ಪೀಠ ತರಿಸುವುದಾದರೆ ಕಂಬದ ದಪ್ಪ ನೋಡಿಕೊಳ್ಳಿ. ಅಮೆರಿಕದ ವೈಸ್‌ಗಳಲ್ಲಿ 3/8 ಅಂಗುಲ, ಅಂದರೆ ಸುಮಾರು 9.5 ಮಿ.ಮೀ. ಸಾಮಾನ್ಯ.

ಎತ್ತರವನ್ನು ಕುರ್ಚಿಯಲ್ಲಿ ಕೂತೇ ಹೊಂದಿಸಬೇಕು. ಮುಂಗೈ ಮೇಜಿನ ಅಂಚಿಗೆ ಒರಗಿರಲಿ, ಬೆರಳ ತುದಿಗಳು ಕೊಕ್ಕೆಯನ್ನು ಮುಟ್ಟುವಾಗ ಭುಜ ಏಳಬಾರದು. ದವಡೆ ಮೊಣಕೈಗಿಂತ ತುಸು ಮೇಲೆ, ಎದೆಗಿಂತ ಕೆಳಗೆ ಬರುತ್ತದೆ. ಕಣ್ಣಿನಿಂದ 30ರಿಂದ 40 ಸೆಂ.ಮೀ. ದೂರ. ತೀರಾ ಕೆಳಗಿಟ್ಟರೆ ಕತ್ತು ಬಗ್ಗಿಸಬೇಕಾಗುತ್ತದೆ, ಮಾತ್ರವಲ್ಲ, ನೇತುಬಿದ್ದ ಬಾಬಿನ್ (ದಾರದ ಉಂಡೆ ಹಿಡಿದಿರುವ ಹಿಡಿಕೆ) ಮೇಜಿಗೆ ತಾಗಿ ದಾರ ಸಡಿಲುತ್ತದೆ. ದೀಪ ಮೇಲಿನಿಂದ, ನಿಮ್ಮ ಎಡಭುಜದ ಕಡೆಯಿಂದ ಬರಲಿ. ಕೊಕ್ಕೆಯ ಹಿಂದೆ ಮಾಸಲು ಹಸಿರು ಅಥವಾ ಕೆನೆಬಣ್ಣದ ಒಂದು ರಟ್ಟು ನಿಲ್ಲಿಸಿ. ಕಪ್ಪು ದಾರವೂ ಕಂದು ಗರಿಯೂ ಆಗ ಮಾತ್ರ ಬೇರೆಬೇರೆಯಾಗಿ ಕಾಣುತ್ತವೆ.

ಇನ್ನು ದವಡೆ. ಎಡವಟ್ಟಾಗುವುದು ಇಲ್ಲಿಯೇ.

ನಿಯಮ ಇಷ್ಟು: ಮೊದಲು ದವಡೆಯ ಬಾಯಿಯನ್ನು ಕೊಕ್ಕೆಯ ದಪ್ಪಕ್ಕೆ ತರಬೇಕು, ಆಮೇಲೆ ಬಿಗಿಯಬೇಕು. ಬಾಯಿ ಹೊಂದಿಸದೆ ಲಿವರ್‌ನ ಬಲದಿಂದಲೇ ಹಿಡಿಸಲು ಹೋದರೆ ಸಣ್ಣ ಕೊಕ್ಕೆ ಹಾರಿಹೋಗುತ್ತದೆ, ದೊಡ್ಡ ಕೊಕ್ಕೆ ದವಡೆಯನ್ನೇ ಚಿಪ್ಪೇಳಿಸುತ್ತದೆ. ಕ್ಯಾಮ್ ವೈಸಿನಲ್ಲಿ ಲಿವರ್ ಪೂರ್ತಿ ಬಿಟ್ಟು, ಹಿಂದಿನ ಗುಬುಟು ತಿರುಗಿಸಿ, ಕೊಕ್ಕೆ ಬಾಯೊಳಗೆ ಸ್ವಲ್ಪವೇ ಸಡಿಲಾಗಿ ಕೂರುವಷ್ಟು ಅಂತರ ಮಾಡಿ. ಈಗ ಲಿವರ್ ಒತ್ತಿ. ಅರ್ಧ ದಾರಿಯಲ್ಲಿ ಬೆರಳಿಗೆ ಬಿಗಿ ತಿಳಿಯಬೇಕು, ಮುಕ್ಕಾಲಿಗೆ ನಿಲ್ಲಬೇಕು. ಕೊನೆಯವರೆಗೂ ಸಲೀಸಾಗಿ ಹೋದರೆ ಬಾಯಿ ದೊಡ್ಡದಾಗಿದೆ. ಶುರುವಿನಲ್ಲೇ ತಡೆದರೆ ಚಿಕ್ಕದಾಗಿದೆ. ಆಗ ಹೆಬ್ಬೆರಳಿನ ಬಲ ಹಾಕಬೇಡಿ, ಗುಬುಟನ್ನು ಕಾಲು ಸುತ್ತು ಹಿಂದೆ ತಿರುಗಿಸಿ.

ಎರಡು ಸ್ಕ್ರೂಗಳ ದವಡೆಯಲ್ಲಿ ಮುಂದಿನ ಸ್ಕ್ರೂ ತಕ್ಕಡಿಯ ನಡುಗೂಟದಂತೆ. ಹಿಂದಿನದನ್ನು ಬಿಗಿದಾಗ ದವಡೆಗಳ ಬುಡ ಅಗಲುತ್ತದೆ, ತುದಿ ಕೂಡುತ್ತದೆ. ಮುಂದಿನ ಸ್ಕ್ರೂ ಅತಿ ಸಡಿಲವಿದ್ದರೆ ತುದಿಯ ಅಂಚುಗಳು ಮಾತ್ರ ಕಚ್ಚುತ್ತವೆ. ಭಾರವೆಲ್ಲ ಆ ಕಿರಿದಾದ ಅಂಚಿನ ಮೇಲೆ ಬಿದ್ದು ಚಕ್ಕೆ ಏಳುತ್ತದೆ. ಅತಿ ಬಿಗಿಯಿದ್ದರೆ ದವಡೆಗಳು ತುದಿಯ ಕಡೆ ಬಾಯಿಬಿಟ್ಟುಕೊಂಡಿರುತ್ತವೆ, ಕೊಕ್ಕೆಯ ಒಳಬದಿಯನ್ನು ಮಾತ್ರ ಹಿಡಿದು, ಹಸಿ ಸಾಬೂನು ಬೆರಳ ಸಂದಿಯಿಂದ ಚಿಮ್ಮುವ ಹಾಗೆ ಅದನ್ನು ಹೊರದಬ್ಬುತ್ತವೆ. ಕೊಕ್ಕೆ ಹಿಡಿದಾಗ ಮೇಲಿನಿಂದ ನೋಡಿ: ಎರಡೂ ದವಡೆ ಬಹುತೇಕ ಸಮಾನಾಂತರವಾಗಿ, ತುದಿ ಒಂದು ಎಳೆಯಷ್ಟು ಮೊದಲು ಕೂಡಿದಂತೆ ಕಂಡರೆ ಸರಿ. 14ನೇ ನಂಬರಿನಿಂದ 12ಕ್ಕೆ ಹೋದಾಗ ಮುಟ್ಟಬೇಕಾಗದಿರಬಹುದು, 16ರಿಂದ 4ಕ್ಕೆ ಹಾರಿದರೆ ಮತ್ತೆ ಹೊಂದಿಸಲೇಬೇಕು. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು ಎಂಬುದು ನೆನಪಿರಲಿ. 1/0, 4/0 ಎಂದು ಬರೆದದ್ದು ಮಾತ್ರ ಏರುಕ್ರಮ.

ಕೊಕ್ಕೆ ಎಲ್ಲಿ ಹಿಡಿಯಬೇಕು? ಬಾಗಿನ ಕೆಳಭಾಗದಲ್ಲಿ. ಮೊನೆ ಮತ್ತು ಬಾರ್ಬ್ (ಮೊನೆಯ ಹಿಂದಿನ ಹಿಮ್ಮುಳ್ಳು) ದವಡೆಯ ಹೊರಗಿರಲಿ. ಮೊನೆಗೆ ದಾರ ತಾಗಿ ಕಡಿಯುತ್ತದೆಂದು ಅದನ್ನು ದವಡೆಯೊಳಗೆ ಮುಚ್ಚಿಡುವವರು ಇದ್ದಾರೆ, ಹಾಗೆ ಕಲಿಸುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬಾರ್ಬ್ ಕತ್ತರಿಸಿದ ಜಾಗ ಕೊಕ್ಕೆಯ ಅತಿ ದುರ್ಬಲ ಜಾಗ. ಅಲ್ಲಿ ಅಮುಕಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಅದು ಗೊತ್ತಾಗುವುದು ಮೀನು ಎಳೆದಾಗ. ದಾರ ಮೊನೆಗೆ ತಾಗದಂತೆ ಸುತ್ತುವುದು ಒಂದು ವಾರದಲ್ಲಿ ಕೈಗೆ ಬರುತ್ತದೆ. ಬಾರ್ಬ್ ತೆಗೆಯುವುದಾದರೆ ಕಟ್ಟುವ ಮೊದಲೇ, ನಯವಾದ ಬಾಯಿಯ ಇಕ್ಕಳದಿಂದ ಮೆಲ್ಲಗೆ ಒತ್ತಿ. ಮುರಿದರೆ ಬರಿ ಕೊಕ್ಕೆ ಹೋಗುತ್ತದೆ, ಅರ್ಧ ಗಂಟೆಯ ಕೆಲಸ ಹೋಗುವುದಿಲ್ಲ. ವೈಸಿನ ದವಡೆಯಲ್ಲಿ ಬಾರ್ಬ್ ಒತ್ತಬೇಡಿ.

ಸಣ್ಣ ಕೊಕ್ಕೆ ದವಡೆಯ ತುದಿಯಲ್ಲಿ, ದೊಡ್ಡದು ಒಳಗೆ. ಕೆಲವು ದವಡೆಗಳಲ್ಲಿ ದೊಡ್ಡ ಕೊಕ್ಕೆಗೆಂದೇ ಒಂದು ತೋಡು ಅಥವಾ ಗುಳಿ ಇರುತ್ತದೆ. 2ನೇ ನಂಬರಿಗಿಂತ ದೊಡ್ಡದೆಲ್ಲ ಅಲ್ಲಿಗೇ ಹೋಗಬೇಕು. ಕೊಕ್ಕೆಯ ಕಣ್ಣು (ಗಾಳದ ದಾರ ಪೋಣಿಸುವ ತೂತು) ಬಲಕ್ಕೆ, ಶ್ಯಾಂಕ್ (ಕಣ್ಣಿಗೂ ಬಾಗಿಗೂ ನಡುವಿನ ನೇರ ಭಾಗ) ಮೇಜಿಗೆ ಸಮತಲ. ಎಡಚರಿಗೆ ಎಲ್ಲವೂ ಇದರ ಕನ್ನಡಿಬಿಂಬ.

ಹಿಡಿತ ಪರೀಕ್ಷಿಸಲು ಉಗುರಿನಿಂದ ಕೊಕ್ಕೆಯ ಕಣ್ಣನ್ನು ಕೆಳಕ್ಕೆ ಒತ್ತಿ ಬಿಟ್ಟುಬಿಡಿ. ತಂಬೂರಿಯ ತಂತಿಯಂತೆ ಸಣ್ಣಗೆ ಟಿಂಗ್ ಎಂದರೆ ಸರಿ. ಟಕ್ ಎಂದು ಮಂಕಾಗಿ ಸದ್ದಾದರೆ ಅದು ದವಡೆಯೊಳಗೆ ಅಲುಗುತ್ತಿದೆ. ಒತ್ತಿದಾಗ ತಂತಿ ಬಳುಕಬಹುದು, ಆದರೆ ಬಾಗಿನ ಬಳಿ ಜಾರಕೂಡದು. ಈ ಒಂದು ಸದ್ದನ್ನು ಕಿವಿಗೆ ಅಭ್ಯಾಸ ಮಾಡಿಕೊಂಡರೆ ಮಿಕ್ಕ ಅಳತೆಗಳನ್ನೆಲ್ಲ ಮರೆತರೂ ನಡೆಯುತ್ತದೆ.

ತಿರುಗುವ ವೈಸ್ ಎಂದು ಮಾರುವುದೆಲ್ಲ ನಿಜವಾದ ರೋಟರಿಯಲ್ಲ. ದವಡೆ ಓರೆಯಾಗಿದ್ದು ಇಡೀ ತಲೆಯಷ್ಟೇ ತಿರುಗಿದರೆ ಕೊಕ್ಕೆ ಗಾಳಿಯಲ್ಲಿ ದೊಡ್ಡ ವೃತ್ತ ಬರೆಯುತ್ತದೆ. ಅದು ಫ್ಲೈನ ಹಿಂಬದಿ ನೋಡಲು ಸಾಕು, ಸುತ್ತಲು ಆಗದು. ನಿಜವಾದ ರೋಟರಿಯಲ್ಲಿ ಶ್ಯಾಂಕ್ ತಿರುಗುವ ಅಕ್ಷದ ಮೇಲೆಯೇ ಕೂರುತ್ತದೆ. ಹೊಂದಿಸಲು ಕೊಕ್ಕೆಯ ಕಣ್ಣಿನ ಪಕ್ಕ ಒಂದು ಸೂಜಿಮೊನೆ ಹಿಡಿದು ದವಡೆಯನ್ನು ಒಂದು ಪೂರ್ಣ ಸುತ್ತು ತಿರುಗಿಸಿ. ಕಣ್ಣು ಸೂಜಿಯಿಂದ ದೂರ ಹೋಗಿ ಹತ್ತಿರ ಬಂದರೆ, ಶ್ಯಾಂಕ್ ಅಕ್ಷಕ್ಕಿಂತ ಮೇಲೋ ಕೆಳಗೋ ಇದೆ, ಇಲ್ಲವೇ ಓರೆಯಿದೆ. ಹಿಡಿತ ಸಡಿಲಿಸಿ ಕೊಕ್ಕೆಯನ್ನು ಸರಿಸಿ. ತಿರುಗುವ ಬಿಗಿಯ ಸ್ಕ್ರೂ ಇನ್ನೊಂದು ಮುಖ್ಯ ಸಂಗತಿ. ದಾರ ಎಳೆದಾಗ ದವಡೆ ತಾನಾಗಿ ತಿರುಗಬಾರದು, ಬೆರಳಿನಿಂದ ತಳ್ಳಿದರೆ ತಿರುಗಬೇಕು, ಆ ನಡುವಿನ ಬಿಗಿಯಲ್ಲಿಡಿ.

ಇದನ್ನು ಕೈಗೆ ತಂದುಕೊಳ್ಳಲು ನವಿಲುಗರಿಗಿಂತ ಒಳ್ಳೆಯ ಸಾಮಗ್ರಿಯಿಲ್ಲ. ಉದುರಿದ ಗರಿಯನ್ನೇ ಬಳಸಿ. ನವಿಲು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪಕ್ಷಿ. ಗರಿಯ ಕಣ್ಣಿನ ಸ್ವಲ್ಪ ಕೆಳಗಿನ ಎಳೆಗಳು ಕಂಚು-ಹಸಿರು ಮಿಂಚಿನವು, ದಟ್ಟ ನವಿರಿನವು. 12ನೇ ನಂಬರಿನ ಕೊಕ್ಕೆಗೆ ಅಂಥ ಮೂರು ಎಳೆ, 140 ಡೆನಿಯರ್ (ದಾರದ ದಪ್ಪದ ಅಳತೆ) ದಾರ, ಮತ್ತು ಕೂದಲಷ್ಟು ತೆಳುವಾದ ತಾಮ್ರದ ತಂತಿ ಬೇಕು. ಕೆಟ್ಟ ಅಡಾಪ್ಟರ್‌ನ ಸುರುಳಿಯಲ್ಲಿ ಸಿಗುವ ತಂತಿ ಸಾಕಾಗುತ್ತದೆ.

ಕೊಕ್ಕೆಯ ಕಣ್ಣಿನ ಹಿಂದೆ ಒಂದು ಕಣ್ಣಿನಷ್ಟು ಶ್ಯಾಂಕ್ ಬರಿದು ಬಿಟ್ಟು ದಾರ ಶುರುಮಾಡಿ, ಪಕ್ಕಪಕ್ಕಕ್ಕೆ ಸುತ್ತುತ್ತ ಬಾಗಿನವರೆಗೆ ಹೋಗಿ. ಅಲ್ಲಿ ತಂತಿಯನ್ನೂ ನವಿಲೆಳೆಗಳ ತುದಿಯನ್ನೂ ಕಟ್ಟಿ. ತುದಿ ಬಲು ಪೆಳಸು, ಮುರಿಯುತ್ತದೆ. ಮೊದಲೇ ಒಂದು ಸೆಂ.ಮೀ. ಕತ್ತರಿಸಿ ತೆಗೆಯಿರಿ. ದಾರವನ್ನು ಮುಂದಕ್ಕೆ ತಂದು ಒಂದು ಅರೆಗಂಟು ಹಾಕಿ, ಬಾಬಿನನ್ನು ಅದರ ತೊಟ್ಟಿಲಿಗೆ, ಅಂದರೆ ಅದನ್ನು ಆನಿಸಿಡಲು ವೈಸಿಗೆ ಕೂಡಿಸಿದ ಕವಲಿಗೆ, ಇಡಿ. ತೊಟ್ಟಿಲು ಕೊಕ್ಕೆಯ ಬಲಕ್ಕೆ, ದಾರ ಅಕ್ಷದ ಗೆರೆಯಲ್ಲೇ ಸಾಗುವಷ್ಟು ಎತ್ತರದಲ್ಲಿರಬೇಕು. ಕೆಳಗಿದ್ದರೆ ತಿರುಗಿಸಿದಂತೆ ದಾರವೂ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ಈಗ ಮೂರೆಳೆಗಳನ್ನು ಒಟ್ಟಿಗೆ ಹಿಡಿದು, ದವಡೆಯ ಮೇಲ್ಭಾಗ ನಿಮ್ಮ ಕಡೆ ಬರುವಂತೆ ತಿರುಗಿಸಿ. ಕೈ ಸುತ್ತುವುದಿಲ್ಲ, ಬಲಕ್ಕೆ ಮೆಲ್ಲಗೆ ಸರಿಯುತ್ತದೆ ಅಷ್ಟೆ. ಪ್ರತಿ ಸುತ್ತೂ ಹಿಂದಿನದಕ್ಕೆ ತಾಗಿ ಕೂರುವುದು ಕಣ್ಣಿಗೆ ಕಾಣುತ್ತದೆ, ನವಿರು ಹೊರಕ್ಕೆ ಚಾಚಿ ನಿಲ್ಲುತ್ತದೆ. ದಾರದಿಂದ ಎಳೆಗಳನ್ನು ಕಟ್ಟಿ ಹಾಕಿ, ಬಾಬಿನನ್ನು ಮತ್ತೆ ತೊಟ್ಟಿಲಿಗಿಟ್ಟು, ತಂತಿಯನ್ನು ಎದುರು ದಿಕ್ಕಿನಲ್ಲಿ, ಅಂದರೆ ದವಡೆಯ ಮೇಲ್ಭಾಗ ನಿಮ್ಮಿಂದ ದೂರ ಹೋಗುವಂತೆ ತಿರುಗಿಸಿ, ನಾಲ್ಕೈದು ಸುತ್ತು ಬಿಡಿಬಿಡಿಯಾಗಿ ತನ್ನಿ. ಒಂದೇ ದಿಕ್ಕಿನಲ್ಲಿ ಸುತ್ತಿದ್ದರೆ ತಂತಿ ಎಳೆಗಳ ಸಂದಿಗೆ ಇಳಿದು ಮರೆಯಾಗುತ್ತಿತ್ತು. ಎದುರು ದಿಕ್ಕಿನಲ್ಲಿ ಪ್ರತಿ ಎಳೆಯನ್ನೂ ಅಡ್ಡಹಾಯ್ದು ಹಿಡಿಯುತ್ತದೆ, ಮೀನಿನ ಹಲ್ಲಿಗೆ ಒಂದೆಳೆ ಹರಿದರೂ ಮೈ ಬಿಚ್ಚಿಕೊಳ್ಳುವುದಿಲ್ಲ.

ರೋಟರಿ ಇದೆಯೆಂದು ಎಲ್ಲವನ್ನೂ ತಿರುಗಿಸಿಯೇ ಸುತ್ತಬೇಕಿಲ್ಲ. ದಾರವನ್ನು ಕೈಯಲ್ಲೇ ಸುತ್ತಿ. ದಾರದ ಬಿಗಿ ಬೆರಳಿಗೆ ತಿಳಿಯಬೇಕಾದ ಸಂಗತಿ. ಸುತ್ತುತ್ತ ಹೋದಂತೆ ದಾರ ಹುರಿಗೊಂಡು ದುಂಡಾಗುತ್ತದೆ. ಚಪ್ಪಟೆ ಬೇಕೆಂದಾಗ ಬಾಬಿನನ್ನು ನೇತುಬಿಟ್ಟು, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿಬಿಡಿ.

ಕಾವೇರಿಯ ಮಹಶೀರ್‌ಗೆಂದು ದೊಡ್ಡ ಫ್ಲೈ ಕಟ್ಟುವವರು ವೈಸನ್ನು ಬೇರೆಯೇ ದೃಷ್ಟಿಯಿಂದ ಆರಿಸಬೇಕು. 2/0, 4/0 ಕೊಕ್ಕೆಗೆ 210 ಡೆನಿಯರ್ ದಾರ ಜಗ್ಗಿ ಎಳೆಯುವಾಗ ಸೂಕ್ಷ್ಮ ದವಡೆ ತಡೆಯುವುದಿಲ್ಲ. ಸ್ಪ್ರಿಂಗ್ ದವಡೆ ಇಂಥದ್ದಕ್ಕೆ ಬಹಳ ಒಳ್ಳೆಯದು. ಬೆನ್ನುಗೂನಿನ ಮಹಶೀರ್ 2018ರಿಂದ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಪಟ್ಟಿಯಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಮೀನು. ಹಾಗಾಗಿ ಆ ಕೊಕ್ಕೆಗಳ ಬಾರ್ಬ್ ಒತ್ತಿಯೇ ಇರಬೇಕು, ಹಿಡಿದ ಮೀನು ನೀರಿಗೇ ಹೋಗಬೇಕು, ಅನುಮತಿಯಿಲ್ಲದ ಕಡೆ ಗಾಳ ಇಳಿಯಲೇಬಾರದು.

ನಿಗಾ ಹೆಚ್ಚೇನಿಲ್ಲ, ಆದರೆ ಬಿಡುವ ಹಾಗೂ ಇಲ್ಲ. ಕ್ಯಾಮ್ ಮತ್ತು ತಿರುಗುವ ಭಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ದವಡೆಯ ಒಳಮೈಗೆ ಎಣ್ಣೆ ತಾಗಕೂಡದು, ತಾಗಿದರೆ ಕೊಕ್ಕೆ ಜಾರುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಫ್ಲೈನ ತಲೆಗೆ ಹಚ್ಚುವ ವಾರ್ನಿಷ್ ದವಡೆಗೆ ಹನಿದು ಒಣಗಿದ್ದರೆ ಉಗುರುಬಣ್ಣ ತೆಗೆಯುವ ಅಸಿಟೋನ್ ಸಾಕು. ದವಡೆಯ ಅಂಚಿನಲ್ಲಿ ದಾರ ಸಿಕ್ಕಿಕೊಳ್ಳುವಂಥ ಗೀರೆದ್ದರೆ 1000 ನಂಬರಿನ ಪಾಲಿಶ್ ಕಾಗದದಿಂದ ಹೊರ ಅಂಚನ್ನಷ್ಟೇ ನಯಮಾಡಿ, ಹಿಡಿಯುವ ಮೈಯನ್ನು ಉಜ್ಜಬೇಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಗಟ್ಟಿ ಉಕ್ಕು ವಾರದೊಳಗೆ ತುಕ್ಕಿನ ಚುಕ್ಕೆ ತೋರಿಸುತ್ತದೆ. ಜೂನ್ ಬರುವ ಮೊದಲೇ ದವಡೆಯ ಹೊರಮೈಗೆ ತೆಳ್ಳಗೆ ಮೇಣ ಸವರಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಇಡುವಾಗ ದವಡೆಯಲ್ಲಿ ಕೊಕ್ಕೆ ಇರಬಾರದು, ಲಿವರ್ ಸಡಿಲವಾಗಿರಬೇಕು.