ಅಟ್ಟದಿಂದ ಇಳಿದ ಸ್ಪೀಕರ್‌ಗಳು

ಮಂಗಳೂರಿನ ಉರ್ವದ ನಮ್ಮ ಹಂಚಿನ ಮನೆಯ ಅಟ್ಟದಲ್ಲಿ ಹದಿನೈದು ಮಳೆಗಾಲ ಕಳೆದಿದ್ದ, ಸೋದರಮಾವನ ಎರಡು ದೊಡ್ಡ ಸ್ಪೀಕರ್‌ಗಳು ನಿನ್ನೆ ರಾತ್ರಿ ಮತ್ತೆ ಹಾಡಿದವು. ಕೆಳಸ್ವರ ಹೊಮ್ಮಿಸುವ 12 ಇಂಚಿನ ವೂಫರ್‌ಗಳ ಕಾಗದದ ಕೋನ್‌ಗಳಿಗೆ ಏನೂ ಆಗಿರಲಿಲ್ಲ. ಆದರೆ ಪಾಲಿಯುರೆಥೇನ್ ಫೋಮ್ ತೇವದ ಗಾಳಿಯಲ್ಲಿ ಶಿಥಿಲವಾಗುವುದರಿಂದ, ಕೋನ್‌ಗಳ ಸುತ್ತಲಿನ ಫೋಮ್ ಅಂಚು ಬೆರಳು ತಾಗಿದೊಡನೆ ಅಂಟಂಟಾದ ಪುಡಿಯಾಗಿ ಉದುರಿತು. ಕಾಗದವೂ ಅಯಸ್ಕಾಂತವೂ ಉಳಿದು, ಕೋನನ್ನು ಚೌಕಟ್ಟಿಗೆ ಹಿಡಿದಿಟ್ಟ ಮೆತ್ತನೆಯ ವಸ್ತುವೇ ಮೊದಲು ಸೋತದ್ದು ನನ್ನನ್ನು ಬಹಳ ಹೊತ್ತು ಕಾಡಿತು.

ಹಳೆಯ ಅಂಟನ್ನು ಕೆರೆಯುವುದಕ್ಕೇ ಎರಡು ಸಂಜೆ ಹಿಡಿಯಿತು. ಕೋನ್‌ಗೆ ಅಂಟಿದ ತಂತಿಸುರುಳಿಯಾದ ವಾಯ್ಸ್ ಕಾಯಿಲ್ ಅಯಸ್ಕಾಂತದ ಕಿರುಸಂದಿನಲ್ಲಿ ಎಲ್ಲಿಯೂ ಉಜ್ಜದೆ ನಟ್ಟನಡುವೆ ನಿಲ್ಲಬೇಕಾದ್ದರಿಂದ, ನಡುವಿನ ಮುಚ್ಚಳ ಬಿಡಿಸಿ, ಫೋಟೊ ನೆಗೆಟಿವ್‌ನ ತೆಳುಪಟ್ಟಿಗಳನ್ನು ಸುತ್ತಲೂ ಸಿಕ್ಕಿಸಿ, ಹೊಸ ಅಂಚಿನ ಅಂಟು ಒಣಗಿದ ಮೇಲೆ ಹೊರತೆಗೆದೆ. 1.5 ವೋಲ್ಟ್‌ನ ಸೆಲ್ ತಾಗಿಸಿದಾಗ ಎರಡೂ ಕೋನ್‌ಗಳು ‘ಟಪ್’ ಎಂದು ಮುಂದಕ್ಕೇ ಚಲಿಸಿದ್ದನ್ನು ಕಂಡು ಮನಸ್ಸು ಹಗುರವಾಯಿತು. ಒಂದು ಹಿಂದಕ್ಕೆ ಹೋಗಿದ್ದರೆ ತಂತಿ ಅದಲುಬದಲಾಗಿ, ಕೆಳಸ್ವರಗಳು ಒಂದನ್ನೊಂದು ಕಳೆಯುತ್ತಿದ್ದವು. ಮೇಲುಸ್ವರ, ಕೆಳಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್‌ನ ಒಣಗಿದ ಕೆಪಾಸಿಟರ್‌ಗಳನ್ನೂ ಬದಲಿಸಿದೆ.

ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸುವ, 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮಾರುಕಟ್ಟೆಗೆ ತಂದ ವಿನ್ಯಾಸದ ಬಗೆಯವು ಇವು. ಆದ್ದರಿಂದ ಹಲಗೆಗಳ ಪ್ರತಿಯೊಂದು ಬಿರುಕನ್ನೂ ಗಾಳಿಯಾಡದಂತೆ ಮುಚ್ಚಬೇಕಾಯಿತು.

ಮೂಲೆಯಲ್ಲಿಟ್ಟಾಗ ಯಕ್ಷಗಾನದ ಕ್ಯಾಸೆಟ್‌ನ ಮದ್ದಳೆ ಗುಂಯ್‌ಗುಟ್ಟುತ್ತಿತ್ತು. ಗೋಡೆಯಿಂದ ಎರಡಡಿ ಮುಂದಕ್ಕೆ ಸರಿಸಿದ ಮೇಲೆ, ಬೆರಳು ಚರ್ಮಕ್ಕೆ ತಾಗುವ ಸದ್ದು ಬೇರೆಯಾಗಿ, ಅದರ ಹಿಂದಿನ ಆಳವಾದ ನಾದ ಬೇರೆಯಾಗಿ ಕೇಳಿಸಿತು.