ಬ್ಯಾಟರಿಯ ಮೇಲಿನ ಸಂಖ್ಯೆ

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲಿದ್ದ ಅಮ್ಮನ ಫೋನಿಗೆ ಕರೆ ಬಂತು. ಕಂಪಿಸುತ್ತಿದ್ದ ಫೋನು ಇದ್ದಲ್ಲಿ ಇರದೆ ಬುಗುರಿಯಂತೆ ಮೆಲ್ಲಗೆ ಸುತ್ತತೊಡಗಿತು. ಸಪಾಟಾಗಿರಬೇಕಾದ ವಸ್ತು ಹೀಗೇಕೆ ತಿರುಗುತ್ತಿದೆ ಎಂದು ಎತ್ತಿ ನೋಡಿದರೆ ಹಿಂಬದಿಯ ಮುಚ್ಚಳ ಪೂರಿಯ ಹಾಗೆ ಉಬ್ಬಿತ್ತು, ಒಂದು ಅಂಚಿನಲ್ಲಿ ಅಂಟು ಬಿಟ್ಟು ಉಗುರು ತೂರುವಷ್ಟು ಸಂದಿ ಬಿದ್ದಿತ್ತು. ಅಮ್ಮನನ್ನು ಕೇಳಿದರೆ, "ಮೂರು ವಾರದಿಂದ ಹಾಗೇ ಇದೆ, ಬಿಸಿಲಿಗೆ ಇರಬೇಕು ಅಂದ್ಕೊಂಡೆ" ಎಂದರು. ಆ ಮೂರು ವಾರವೂ ರಾತ್ರಿಯಿಡೀ ದಿಂಬಿನ ಪಕ್ಕದಲ್ಲಿಯೇ ಅದು ಚಾರ್ಜ್ ಆಗುತ್ತಿತ್ತು.

ಬ್ಯಾಟರಿ ಊದಿಕೊಳ್ಳುವುದೆಂದರೆ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತಿದೆ ಎಂದರ್ಥ. ಊದಿದ ಬ್ಯಾಟರಿಗಳೆಲ್ಲ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಊದಿದ ಮೇಲೂ ಚಾರ್ಜ್ ಮಾಡುವುದು, ಒತ್ತಿ ಮುಚ್ಚಳ ಕೂರಿಸುವುದು, ಕೆಲವರು ಮಾಡುವಂತೆ ಸೂಜಿ ಚುಚ್ಚಿ ಗಾಳಿ ಬಿಡುವುದು ಇವೆಲ್ಲ ಬೆಂಕಿಯನ್ನು ಕೈಹಿಡಿದು ಕರೆತರುವ ಕೆಲಸಗಳು. ಫೋನನ್ನು ಆರಿಸಿ, ಸ್ಟೀಲ್ ತಟ್ಟೆಯೊಂದರಲ್ಲಿಟ್ಟು ಬಾಲ್ಕನಿಯ ನೆರಳಿಗೆ ಸಾಗಿಸಿದೆ. ಫೋನು ನಾಲ್ಕು ವರ್ಷ ಹಳೆಯದು. ಬ್ಯಾಟರಿ ಮಾತ್ರ ಒಂದೂವರೆ ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರಸ್ತೆಯ ಬಳಿಯ ಪುಟ್ಟ ರಿಪೇರಿ ಅಂಗಡಿಯೊಂದರಲ್ಲಿ, ನಾನೇ ಮುಂದೆ ನಿಂತು, ಚೌಕಾಸಿ ಮಾಡಿ ಹಾಕಿಸಿದ್ದು.

ಮರುದಿನ ಅದೇ ಅಂಗಡಿಗೆ ಹೋದೆ. ಹುಡುಗ ಡ್ರೈಯರ್‌ನಿಂದ ಅಂಚು ಬಿಸಿ ಮಾಡಿ, ಹಳೆಯ ಎಟಿಎಂ ಕಾರ್ಡಿನ ತುಂಡೊಂದನ್ನು ತೂರಿಸಿ, ಬ್ಯಾಟರಿಯನ್ನು ಅವಸರವಿಲ್ಲದೆ ಬಿಡಿಸಿದ. ಆ ಕೈಚಳಕಕ್ಕೆ ಯಾವ ಆಕ್ಷೇಪವೂ ಇಲ್ಲ. ಬ್ಯಾಟರಿಯ ಮೇಲೆ ಫೋನ್ ಕಂಪನಿಯ ಹೆಸರು, ಭಾರತೀಯ ಮಾನಕ ಬ್ಯೂರೋದ ಗುರುತು, ಕೆಳಗೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ, ಅದರ ಕೆಳಗೆ ಉದ್ದನೆಯ ಕ್ರಮಸಂಖ್ಯೆ ಎಲ್ಲವೂ ಇದ್ದವು. ಡ್ರಾಯರಿನಿಂದ ಅದೇ ಮಾದರಿಯ ಹೊಸದೊಂದನ್ನು ತೆಗೆದು ಪಕ್ಕದಲ್ಲಿಟ್ಟ. ಏನೋ ಕುತೂಹಲಕ್ಕೆ ಎರಡರ ಕ್ರಮಸಂಖ್ಯೆಯನ್ನೂ ಓದಿದೆ. ಎರಡೂ ಒಂದೇ. ಇನ್ನೊಂದನ್ನು ತೆಗೆಸಿದೆ, ಅದರಲ್ಲಿಯೂ ಅದೇ. ಅಂದರೆ ಅದು ಸಂಖ್ಯೆಯಲ್ಲ, ಸಂಖ್ಯೆಯ ಚಿತ್ರ. "ಎಲ್ಲಾ ಒಂದೇ ಕ್ವಾಲಿಟಿ ಸರ್, ಅದಕ್ಕೇ ಒಂದೇ ನಂಬರ್" ಎಂದು ಹುಡುಗ ಸಮಾಧಾನ ಹೇಳಿದ.

ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಈ ಸಂಖ್ಯೆಯ ವಿಚಾರವೇ. ಬ್ಯಾಟರಿ ದೋಷದಿಂದ ಫೋನುಗಳನ್ನು ಹಿಂಪಡೆದ ಸುದ್ದಿ ಬಂದಾಗಲೆಲ್ಲ ನಾವು ಬೆಂಕಿಯ ಚಿತ್ರಗಳನ್ನು ನೋಡುತ್ತೇವೆ. ಆದರೆ ಹಿಂಪಡೆಯುವ ಕೆಲಸ ನಡೆಯುವುದು ಪಟ್ಟಿಯ ಮೇಲೆ: ಯಾವ ಕಾರ್ಖಾನೆಯ, ಯಾವ ತಿಂಗಳ, ಯಾವ ಸಂಖ್ಯೆಯ ಸರಕು ಯಾರ ಕೈಯಲ್ಲಿದೆ ಎಂಬ ಪಟ್ಟಿ.

2007ರ ಆಗಸ್ಟ್ ನೆನಪಿಗೆ ಬರುತ್ತದೆ. ಜಪಾನಿನ ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಿಸಿಕೊಟ್ಟಿದ್ದ ಬಿಎಲ್-5ಸಿ ಬ್ಯಾಟರಿಗಳಲ್ಲಿ ಕೆಲವು ಚಾರ್ಜ್ ಮಾಡುವಾಗ ಶಾರ್ಟ್ ಸರ್ಕ್ಯೂಟ್ ಆಗಿ ಬಿಸಿಯೇರಬಹುದು ಎಂದು ನೋಕಿಯಾ ಪ್ರಕಟಿಸಿತು. ಸಂಖ್ಯೆ 4.6 ಕೋಟಿ. ಜಗತ್ತಿನಾದ್ಯಂತ ವರದಿಯಾಗಿದ್ದ ಘಟನೆಗಳು ಸುಮಾರು 100 ಮಾತ್ರ, ಆದರೂ ನಮ್ಮಲ್ಲಿ ಹಬ್ಬಿದ ದಿಗಿಲು ಸಣ್ಣದಲ್ಲ. ನಮ್ಮ ಬೀದಿಯಲ್ಲಿ ಫೋನನ್ನು ಬಕೆಟ್ಟಿನ ಪಕ್ಕ ಇಟ್ಟುಕೊಂಡು ಚಾರ್ಜ್ ಮಾಡುತ್ತಿದ್ದ ಮಹನೀಯರೂ ಇದ್ದರು. ಅಪ್ಪ ಫೋನಿನ ಹಿಂಬದಿಯನ್ನು ಹೆಬ್ಬೆರಳಿನಿಂದ ಸರಿಸಿ, ಬ್ಯಾಟರಿ ಹೊರತೆಗೆದು, ಭೂತಗನ್ನಡಿ ಹಿಡಿದು ಅದರ ಮೇಲಿನ 26 ಅಕ್ಷರಗಳ ಗುರುತು ಸಂಖ್ಯೆಯನ್ನು ಒಂದೊಂದಾಗಿ ಓದಿ ಹೇಳಿದರು, ನಾನು ಸೈಬರ್ ಕೆಫೆಗೆ ಹೋಗಿ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ನಮ್ಮದು ಪಟ್ಟಿಯಲ್ಲಿರಲಿಲ್ಲ. ಆ ಇಡೀ ಪರೀಕ್ಷೆ ಸ್ಕ್ರೂಡ್ರೈವರ್ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಮುಗಿಯಿತು ಎಂಬುದರ ಬೆಲೆ ನನಗೆ ಅಂದು ತಿಳಿಯಲಿಲ್ಲ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7ರ ಹೊತ್ತಿಗೆ ಬ್ಯಾಟರಿ ಗಾಜು ಲೋಹಗಳ ನಡುವೆ ಮುಚ್ಚಿಹೋಗಿತ್ತು. 2016ರ ಆಗಸ್ಟ್ 19ರಂದು ಮಾರಾಟ ಆರಂಭವಾದ ಫೋನನ್ನು ಸೆಪ್ಟೆಂಬರ್ 2ರಂದೇ ಹಿಂಪಡೆಯುವುದಾಗಿ ಕಂಪನಿ ಘೋಷಿಸಿತು. ಆಗಿನ ಲೆಕ್ಕಕ್ಕೆ 25 ಲಕ್ಷ ಫೋನುಗಳು. ಭಾರತದಲ್ಲಿ 59,900 ರೂಪಾಯಿ ಬೆಲೆ ನಿಗದಿಯಾಗಿದ್ದರೂ ಅದು ಅಂಗಡಿಗೆ ಬರಲೇ ಇಲ್ಲ. ಹಾಗಿದ್ದೂ ಆ ವರ್ಷ ದೇವನಹಳ್ಳಿಯಿಂದ ದೆಹಲಿಗೆ ಹೊರಟ ವಿಮಾನದಲ್ಲಿ, ಸೀಟ್ ಬೆಲ್ಟಿನ ಸೂಚನೆಯ ಬೆನ್ನಿಗೇ ಈ ಫೋನನ್ನು ಆನ್ ಮಾಡಬೇಡಿ, ಚಾರ್ಜ್ ಮಾಡಬೇಡಿ ಎಂದು ಗಗನಸಖಿ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ್ದ ಎಚ್ಚರಿಕೆ ಅದು. ನಮ್ಮಲ್ಲಿ ಮಾರಾಟವೇ ಆಗದ ಫೋನಿನ ಹೆಸರು ಇಷ್ಟು ಪ್ರಯಾಣಿಕರ ಬಾಯಲ್ಲಿ ಬಂದದ್ದು ಬೇರಾವ ಜಾಹೀರಾತಿನಿಂದಲೂ ಸಾಧ್ಯವಿರಲಿಲ್ಲ.

ಆಮೇಲಿನದು ಇನ್ನೂ ಮುಖ್ಯ. ಒಬ್ಬ ಪೂರೈಕೆದಾರನ ಬ್ಯಾಟರಿಯಲ್ಲಿ ದೋಷವಿದೆ ಎಂದುಕೊಂಡು, ಬೇರೊಬ್ಬನ ಬ್ಯಾಟರಿಯಿದ್ದ ಫೋನುಗಳನ್ನು ಬದಲಿಗೆ ಕೊಟ್ಟರು. ಇವು ಸುರಕ್ಷಿತ ಎಂದು ತೋರಿಸಲು ತೆರೆಯ ಮೇಲಿನ ಬ್ಯಾಟರಿ ಚಿಹ್ನೆಯನ್ನು ಹಸಿರು ಮಾಡಿದರು. ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್ ವಿಮಾನ ನಿಲ್ದಾಣದಲ್ಲಿ, ಇನ್ನೂ ಹೊರಡದ ವಿಮಾನದೊಳಗೆ, ಅಂಥ ಬದಲಿ ಫೋನೇ ಹೊಗೆಯುಗುಳಿತು. ಅಕ್ಟೋಬರ್ 11ರಂದು ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತು. ಕಾರಣ ಪ್ರಕಟವಾದದ್ದು 2017ರ ಜನವರಿ 23ರಂದು, ಸುಮಾರು 2 ಲಕ್ಷ ಫೋನು ಮತ್ತು 30,000 ಬಿಡಿ ಬ್ಯಾಟರಿಗಳನ್ನು ಪರೀಕ್ಷಿಸಿದ ಮೇಲೆ.

ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಗ್ರಾಫೈಟ್ ಬಳಿದ ತಾಮ್ರದ ಋಣಹಾಳೆ, ಲಿಥಿಯಂ ಸಂಯುಕ್ತ ಬಳಿದ ಅಲ್ಯೂಮಿನಿಯಂ ಧನಹಾಳೆ, ಎರಡೂ ಒಂದನ್ನೊಂದು ಮುಟ್ಟದಂತೆ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತವೆ. ಇವನ್ನೆಲ್ಲ ಚಾಪೆಯಂತೆ ಸುತ್ತಿ, ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಣದಲ್ಲಿ ನೆನೆಸಿ, ಚೀಲದೊಳಗೆ ಮೊಹರು ಮಾಡುತ್ತಾರೆ. ಮೊದಲನೆಯ ಬ್ಯಾಟರಿಯಲ್ಲಿ ಚೀಲದ ಮೇಲ್ಭಾಗದ ಬಲಮೂಲೆ ಇಕ್ಕಟ್ಟಾಗಿ ಋಣಹಾಳೆಯ ತುದಿ ಮಡಚಿಕೊಂಡಿತ್ತು. ಎರಡನೆಯದರಲ್ಲಿ ಧನಹಾಳೆಗೆ ಬೆಸುಗೆ ಹಾಕಿದ ಜಾಗದಲ್ಲಿ ಲೋಹದ ಮುಳ್ಳುಗಳೆದ್ದು ಪದರವನ್ನು ತೂತು ಮಾಡಿದ್ದವು, ಕೆಲವದರಲ್ಲಿ ರಕ್ಷಣೆಗೆ ಅಂಟಿಸಬೇಕಾದ ಟೇಪೇ ಇರಲಿಲ್ಲ. ಒಂದೇ ಫೋನು, ಇಬ್ಬರು ತಯಾರಕರು, ಸಂಬಂಧವೇ ಇಲ್ಲದ ಎರಡು ತಪ್ಪುಗಳು. ಮೊದಲ ತಪ್ಪನ್ನು ಪೂರ್ತಿ ಅರಿಯುವ ಮುನ್ನವೇ ಪರಿಹಾರ ಹಂಚಲು ಹೊರಟದ್ದನ್ನು ಕಂಪನಿಯ ಪ್ರಾಮಾಣಿಕತೆ ಎಂದು ಹೊಗಳಿದವರಿದ್ದಾರೆ. ನನಗೆ ಅದು ಅವಸರವಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಎಡವಟ್ಟಿನ ನಡುವೆಯೂ ಮಾರಾಟವಾಗಿದ್ದ ಸುಮಾರು 30 ಲಕ್ಷ ಫೋನುಗಳಲ್ಲಿ ಶೇ. 96ರಷ್ಟು ಮರಳಿ ಬಂದವು. ಸೆರಾಮಿಕ್ ನಾರಿನ ಒಳಪದರವಿದ್ದ ಪೆಟ್ಟಿಗೆ, ಕೈಗವಸು ಕಳಿಸಿ ತರಿಸಿಕೊಂಡರು. ಕೊಡದೆ ಉಳಿಸಿಕೊಂಡವರ ಫೋನು ಚಾರ್ಜೇ ಆಗದಂತೆ ಸಾಫ್ಟ್‌ವೇರ್ ಮೂಲಕವೇ ತಡೆದರು. ಪ್ರತಿ ಫೋನಿಗೂ ಐಎಂಇಐ ಎಂಬ ತನ್ನದೇ ಗುರುತು ಸಂಖ್ಯೆಯಿದ್ದದ್ದರಿಂದ, ಅದು ನಿಜವಾದ ಸಂಖ್ಯೆಯಾಗಿದ್ದದ್ದರಿಂದ ಇದು ಸಾಧ್ಯವಾಯಿತು.

ನಮ್ಮಲ್ಲಿಯೂ ಕಾನೂನಿಗೆ ಬರವಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಮು ಅಪಾಯಕಾರಿ ಸರಕನ್ನು ಹಿಂಪಡೆಯಲು, ಬೆಲೆ ಮರಳಿಸಲು ಆದೇಶಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಮೊಬೈಲ್ ಬ್ಯಾಟರಿಗಳಿಗೆ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯ. ಆದರೆ ನಾಳೆ ಅಂಥದೊಂದು ಆದೇಶ ಬಂದರೆ ಅಮ್ಮನ ಫೋನು ಯಾವ ಪಟ್ಟಿಯಲ್ಲಿ ಸಿಗುತ್ತದೆ? ಫೋನಿನ ಐಎಂಇಐ ಹೇಳುವ ಬ್ಯಾಟರಿ ಎಂದೋ ಕಸಕ್ಕೆ ಹೋಗಿದೆ. ಒಳಗಿರುವ ಬ್ಯಾಟರಿಯ ಸಂಖ್ಯೆ ಒಂದು ಡ್ರಾಯರಿನಷ್ಟು ಬ್ಯಾಟರಿಗಳಿಗೆ ಸಾಮಾನ್ಯ. ಈ ಊರಿನಲ್ಲಿ ಕೈಯಿಂದ ಕೈಗೆ ದಾಟಿದ, ಬೀದಿಯಂಗಡಿಯಲ್ಲಿ ಒಳಗಿನದೆಲ್ಲ ಬದಲಾದ ಫೋನುಗಳು ಎಷ್ಟಿವೆಯೋ, ಅವೆಲ್ಲ ಇದೇ ಲೆಕ್ಕಕ್ಕೆ ಸೇರುತ್ತವೆ. ರಿಪೇರಿಯವರನ್ನು ದೂರಿ ಪ್ರಯೋಜನವಿಲ್ಲ. ನಾನು ಅವನಲ್ಲಿಗೆ ಹೋದದ್ದು ಅಧಿಕೃತ ಕೇಂದ್ರ ಕೇಳಿದ ದುಡ್ಡಿನ ಮೂರನೇ ಒಂದು ಪಾಲಿಗೆ.

ಈ ಸಲ ಅಧಿಕೃತ ಕೇಂದ್ರಕ್ಕೇ ಹೋದೆ. ಟೋಕನ್ ಹಿಡಿದು ಒಂದೂವರೆ ತಾಸು ಕೂತು, ಹಣ ಕಟ್ಟಿ, ಬಿಲ್ಲು ಪಡೆದೆ. ಅದರಲ್ಲಿ "ಬ್ಯಾಟರಿ, 1" ಎಂದಷ್ಟೇ ಇತ್ತು. ಕ್ರಮಸಂಖ್ಯೆ ಎಲ್ಲಿ ಎಂದು ಕೇಳಿದ್ದಕ್ಕೆ ಕೌಂಟರಿನ ಹುಡುಗಿ, "ಅದು ಸಿಸ್ಟಮ್‌ನಲ್ಲಿ ಇರುತ್ತೆ ಸರ್" ಎಂದಳು. ಬರೆದುಕೊಡಿ ಎಂದೆ. ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಫೋನು ಆಗಲೇ ಮುಚ್ಚಿ ಅಂಟು ಹಾಕಿಯಾಗಿದೆ, ಈಗ ನೋಡಲಾಗುವುದಿಲ್ಲ ಎಂದಳು.